ಬಾಲ್ದಿಯೊಳಗಿನ ಕಪ್ಪೆ: ಒಬ್ಬರ ಫೋಬಿಯಾವನ್ನು ಕುಶಾಲಿಗೆ ಬಳಸಬಹುದೇ?

ಪ್ರಶ್ನೆ: ನಮ್ಮದು ಕಾಪು ಹತ್ತಿರದ ಹಳ್ಳಿ. ನನಗೆ 27 ವರ್ಷ. ತಂಗಿಗೆ 20, ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಏಳೆಂಟು ವರ್ಷದವಳಿದ್ದಾಗಿನಿಂದ ಅವಳಿಗೆ ಕಪ್ಪೆಯೆಂದರೆ ಪ್ರಾಣಭಯ. ಜೂನ್‌ನಲ್ಲಿ ಮಳೆ ಹಿಡಿದ ವಾರ ರಜೆಗೆ ಬಂದಿದ್ದಳು. ನಾನೂ ಇಬ್ಬರು ಗೆಳೆಯರೂ ಸೇರಿ, ಅಂಗಳದ ಮೂಲೆಯಲ್ಲಿ ಕಾಲು ತೊಳೆಯಲು ಇಡುವ ಬಾಲ್ದಿಗೆ ಕಪ್ಪೆ ಹಾಕಿ ಮುಚ್ಚಳ ಮುಚ್ಚಿಟ್ಟು, ಮೊಬೈಲ್ ಹಿಡಿದು ನಿಂತೆವು. ಮುಚ್ಚಳ ತೆಗೆದವಳೇ ಕಿರುಚಿ ಓಡಿದಳು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ವಿಡಿಯೊ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಹೋಯಿತು. ಆಮೇಲೆ ಮನೆಯಲ್ಲಿದ್ದಷ್ಟು ದಿನ ಕತ್ತಲಾದ ಮೇಲೆ ಹೊರಗಿನ ಬಚ್ಚಲಿಗೆ ಹೋಗುತ್ತಿರಲಿಲ್ಲ, ಅದಕ್ಕಾಗಿ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಈಗ ಎರಡು ತಿಂಗಳಿನಿಂದ ಮನೆಗೆ ಬಂದಿಲ್ಲ, ಚೌತಿಗೂ ಬರುವುದಿಲ್ಲ ಎಂದಿದ್ದಾಳೆ. ಕುಶಾಲಿಗೆ ಮಾಡಿದ್ದು ಇಷ್ಟು ದೊಡ್ಡ ತಪ್ಪಾ? ಕಪ್ಪೆ ಕಚ್ಚುವುದೂ ಇಲ್ಲವಲ್ಲ? ನಾಲ್ಕು ಸಲ ಹೀಗೆ ಮಾಡಿದರೆ ಹೆದರಿಕೆ ತಾನಾಗಿ ಬಿಡುತ್ತದೆ ಎಂದು ಗೆಳೆಯರು ಹೇಳುತ್ತಾರೆ, ನಿಜವಾ? ಇಂಥ ತಮಾಷೆ ಯಾವತ್ತೂ ಸರಿಯಲ್ಲವಾ? ಈಗ ನಾನು ಏನು ಮಾಡಬೇಕು?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಅವೆಲ್ಲದರ ಅಡಿಯಲ್ಲಿರುವ ಚಿಂತೆ ಒಂದೇ: ತಂಗಿ ಮನೆಯಿಂದ ದೂರ ಹೋಗಿದ್ದಾಳೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಒಬ್ಬರಿಗೆ ಯಾವುದರ ಫೋಬಿಯಾ ಇದೆಯೋ ಅದನ್ನೇ ಹಿಡಿದು ಅವರನ್ನು ಬೆಚ್ಚಿಬೀಳಿಸುವುದು ಸರಿಯಾಗುವ ಸಂದರ್ಭ ಇಲ್ಲ. ನಿಮ್ಮ ಮನಸ್ಸಿನಲ್ಲಿ ಕೇಡಿರಲಿಲ್ಲ ಎಂಬುದನ್ನು ನಂಬುತ್ತೇನೆ, ಕೇಡಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ತಂಗಿಯ ದೇಹಕ್ಕೆ ನಿಮ್ಮ ಉದ್ದೇಶ ಕಾಣುವುದಿಲ್ಲ, ಕಪ್ಪೆ ಮಾತ್ರ ಕಾಣುತ್ತದೆ.

ಮೊದಲು ಹೆದರಿಕೆ ಬೇರೆ, ಫೋಬಿಯಾ ಬೇರೆ ಎಂಬುದನ್ನು ತಿಳಿದುಕೊಳ್ಳಿ. ಮಳೆಗಾಲದಲ್ಲಿ ಕಾಲಮೇಲೆ ಕಪ್ಪೆ ಹಾರಿದರೆ ಯಾರಾದರೂ ಕುಣಿದುಬಿಡುತ್ತಾರೆ, ಎರಡು ನಿಮಿಷದಲ್ಲಿ ಮರೆಯುತ್ತಾರೆ. ಅದು ಹೆದರಿಕೆ. ಅಪಾಯಕ್ಕೆ ಹೋಲಿಸಿದರೆ ಭಯ ಎಷ್ಟೋ ಪಟ್ಟು ಹೆಚ್ಚಾಗಿದ್ದು, ಸಾಮಾನ್ಯವಾಗಿ 6 ತಿಂಗಳಿಗೂ ಮೀರಿ ಉಳಿದು, ಆ ವಸ್ತುವನ್ನು ತಪ್ಪಿಸುವುದಕ್ಕಾಗಿ ದಿನಚರಿಯನ್ನೇ ಬದಲಿಸಿಕೊಳ್ಳುವಂತಾದರೆ ನಾವು ಅದನ್ನು ಫೋಬಿಯಾ ಎನ್ನುತ್ತೇವೆ. ಪ್ರಾಣಿಗಳ ಕುರಿತ ಫೋಬಿಯಾ ಹೆಚ್ಚಿನವರಲ್ಲಿ ಶುರುವಾಗುವುದು ಹತ್ತು ವರ್ಷದೊಳಗೇ, ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ನಿಮ್ಮ ತಂಗಿಯದು ಈ ಚಿತ್ರಕ್ಕೆ ಹೊಂದುತ್ತದೆ. ನೋಡದೆ ನಾನು ಹೆಸರು ಅಂಟಿಸುವುದಿಲ್ಲ. ಆದರೆ ನೀರು ಕುಡಿಯುವುದನ್ನು ಬಿಡುವಷ್ಟು ಭಯ ನಾಟಕವಂತೂ ಅಲ್ಲ.

‘ಕಪ್ಪೆ ಏನೂ ಮಾಡುವುದಿಲ್ಲ’ ಎಂಬುದು ಅವಳಿಗೂ ಗೊತ್ತು. ಫೋಬಿಯಾ ಇರುವ ದೊಡ್ಡವರಲ್ಲಿ ಹೆಚ್ಚಿನವರಿಗೆ ತಮ್ಮ ಭಯ ಅತಿಯೆಂದು ಗೊತ್ತಿರುತ್ತದೆ, ಅದರಿಂದಲೇ ಅವರಿಗೆ ನಾಚಿಕೆ. ಕಣ್ಣು ಕಂಡದ್ದನ್ನು ವಿಚಾರ ಮಾಡುವ ಮಿದುಳು ಗುರುತಿಸುವ ಮೊದಲೇ, ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಸಣ್ಣ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಾಲು ತಾನಾಗಿ ಓಡುತ್ತದೆ. ‘ಇದು ಬರೀ ಕಪ್ಪೆ’ ಎಂಬ ತಿಳಿವಳಿಕೆ ಬಂದು ಮುಟ್ಟುವ ಹೊತ್ತಿಗೆ ಅವಳು ಮೆಟ್ಟಿಲಲ್ಲಿ ಬಿದ್ದಾಗಿರುತ್ತದೆ. ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಹಲ್ಲಿ, ಬ್ಯಾಟರಿ ಜಿರಳೆ ಹಾಕಿದರೆ ಪರವಾಗಿಲ್ಲ ಎನ್ನುವವರಿಗೂ ಇದೇ ಉತ್ತರ. ಮೊದಲ ಕ್ಷಣದಲ್ಲಿ ದೇಹಕ್ಕೆ ಅಸಲಿ ನಕಲಿ ಭೇದವಿಲ್ಲ.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ, ಅಪಾಯ ಇರುವುದೂ ಅದರಲ್ಲೇ. ಭಯಪಡುವ ವಸ್ತುವನ್ನು ಎದುರಿಸುವುದೇ ಫೋಬಿಯಾಕ್ಕೆ ಇರುವ ಅತ್ಯುತ್ತಮ ಚಿಕಿತ್ಸೆ ಎಂಬುದು ನಿಜ. ಹಾಗಾದರೆ ಬಾಲ್ದಿಯ ಕಪ್ಪೆಗೂ ಚಿಕಿತ್ಸೆಯ ಕಪ್ಪೆಗೂ ಏನು ವ್ಯತ್ಯಾಸ?

ನೂರು ವರ್ಷದ ಹಿಂದೆಯೇ ಇದನ್ನು ನೋಡಿಯಾಗಿದೆ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮಕ್ಕಳ ಭಯ ಬಿಡಿಸುವ ಬೇರೆಬೇರೆ ದಾರಿಗಳನ್ನು ಪರೀಕ್ಷಿಸಿ ವರದಿ ಮಾಡಿದರು. ಅದರಲ್ಲಿ ಗೇಲಿ ಮಾಡುವುದೂ ಒಂದು. ಕಪ್ಪೆಗೆ ಹೆದರುತ್ತಿದ್ದ ಒಬ್ಬ ಹುಡುಗ ಬೇರೆ ಹುಡುಗರ ಜೊತೆಗಿದ್ದಾಗ ಧೈರ್ಯ ತೋರಿಸುತ್ತಾ ಕಪ್ಪೆಗಳಿದ್ದ ತೊಟ್ಟಿಯ ಬಳಿ ಹೋದ. ಜೊತೆಯವನೊಬ್ಬ ಕಪ್ಪೆಯನ್ನು ಎತ್ತಿ ಇವನತ್ತ ತಿರುಗಿದ್ದೇ ತಡ, ಕಿರುಚಿ ಓಡಿಹೋದ. ಉಳಿದವರು ಅಟ್ಟಿಸಿಕೊಂಡು ಹೋಗಿ ನಕ್ಕರು. ಭಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ನಿಮ್ಮ ಅಂಗಳದಲ್ಲಿ ನಡೆದದ್ದೂ ಇದೇ.

ಗುಣವಾದದ್ದು ಬೇರೆ ಮಗು, ಸುಮಾರು 3 ವರ್ಷದ ಪೀಟರ್. ಅವನಿಗೆ ಮೊಲದ ಭಯ. ಮೊದಲು ಪಂಜರದಲ್ಲಿದ್ದ ಮೊಲವನ್ನು 12 ಅಡಿ ದೂರದಲ್ಲಿ ಸಹಿಸಿಕೊಂಡ, ಆಮೇಲೆ 4 ಅಡಿ, 3 ಅಡಿ, ಪಕ್ಕದಲ್ಲೇ, ಕೊನೆಗೆ ಪಂಜರದ ಹೊರಗೆ. ಅವನಿಗೆ ಇಷ್ಟದ ತಿಂಡಿ ಕೊಡುತ್ತಾ, ಅವನು ತಾಳುವಷ್ಟೇ ಹತ್ತಿರಕ್ಕೆ ಮೊಲವನ್ನು ತಂದರು. ಕಡೆಗೆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಬಿಟ್ಟುಕೊಂಡ. ಇದರ ನಡುವೆ ಒಂದು ದಿನ ಆಸ್ಪತ್ರೆಯಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ನೆಗೆದು ಮಗು ತೀರಾ ಹೆದರಿತು. ಅಲ್ಲಿಯವರೆಗೆ ಗಳಿಸಿದ್ದೆಲ್ಲ ಕಳೆದುಹೋಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಅನಿರೀಕ್ಷಿತ ಭಯ ಏನು ಮಾಡುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಕಾರಣ ಹೀಗಿದೆ. ಭಯ ಏರುತ್ತದೆ, ತುದಿ ಮುಟ್ಟುತ್ತದೆ, ಅಲ್ಲೇ ನಿಂತುಕೊಂಡರೆ ತಾನಾಗಿ ಇಳಿಯುತ್ತದೆ. ಹಾಗೆ ಇಳಿಯುವಾಗ, ತಾನು ನೆನೆಸಿದ್ದ ಕೇಡು ಆಗಲಿಲ್ಲ ಎಂದು ಮಿದುಳು ಹೊಸದಾಗಿ ಕಲಿಯುತ್ತದೆ. ಬಾಲ್ದಿಯ ಹತ್ತಿರ ತಂಗಿ ನಿಂತದ್ದು ಎರಡು ಸೆಕೆಂಡು, ಓಡಿದ್ದು ಭಯ ತುದಿಯಲ್ಲಿದ್ದಾಗ. ‘ಓಡಿದ್ದಕ್ಕೇ ಉಳಿದೆ’ ಎಂಬ ಪಾಠ ಗಟ್ಟಿಯಾಯಿತು. ಅದರ ಮೇಲೆ ಇನ್ನೆರಡು ಪಾಠಗಳು ಸೇರಿದವು. ಕಪ್ಪೆ ಮುಚ್ಚಿಟ್ಟ ಬಾಲ್ದಿಯೊಳಗೂ ಇರಬಹುದು, ಆದ್ದರಿಂದ ಮುಚ್ಚಿದ್ದು ಯಾವುದನ್ನೂ ನಂಬುವಂತಿಲ್ಲ. ಅದನ್ನು ಅಲ್ಲಿಟ್ಟವನು ಅಣ್ಣನೇ, ಆದ್ದರಿಂದ ಅಣ್ಣನನ್ನೂ ನಂಬುವಂತಿಲ್ಲ. ಮೊದಲು ಅವಳಿಗೆ ಕಪ್ಪೆಯ ಭಯ ಇತ್ತು, ಈಗ ಮನೆಯ ಭಯವೂ ಇದೆ. ಚಿಕಿತ್ಸೆಯಲ್ಲಿ ಇದೇ ಕಪ್ಪೆ, ಇದೇ ಬಾಲ್ದಿ ಇರಬಹುದು. ಆದರೆ ಒಳಗೆ ಏನಿದೆಯೆಂದು ಅವಳಿಗೆ ಮೊದಲೇ ಗೊತ್ತಿರುತ್ತದೆ, ಮುಚ್ಚಳ ಅವಳ ಕೈಯಲ್ಲಿರುತ್ತದೆ, ಸಾಕು ಎಂದರೆ ಅಲ್ಲಿಗೆ ಸಾಕು.

‘ಯಾವತ್ತೂ ಸರಿಯಲ್ಲವಾ’ ಎಂದು ಕೇಳಿದ್ದೀರಿ. ಬಾಗಿಲ ಮರೆಯಲ್ಲಿ ನಿಂತು ‘ಭೋ’ ಎನ್ನುವುದು, ಫೋಬಿಯಾ ಇಲ್ಲದ ಗೆಳೆಯನ ಚೀಲಕ್ಕೆ ರಬ್ಬರ್ ಹಾವು ಹಾಕುವುದು ಬೇರೆ ವಿಷಯ. ಅಲ್ಲೂ ಎದುರಿನವರ ವಯಸ್ಸು, ಆರೋಗ್ಯ, ನಿಂತ ಜಾಗ ನೋಡಬೇಕು. ಕಪ್ಪೆಯ ಮಾತೇ ಎತ್ತಬಾರದು ಎಂದೂ ಅಲ್ಲ. ತನ್ನ ಹೆದರಿಕೆಯ ಕತೆಯನ್ನು ತಂಗಿಯೇ ಹೇಳಿ ನಗಿಸಿದರೆ ಧಾರಾಳವಾಗಿ ನಗಿ, ಆ ಕತೆ ಅವಳದು. ಆದರೆ ‘ಹೋದ ಸಲ ಅವಳೂ ನಕ್ಕಿದ್ದಳು’ ಎಂಬುದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಭಯ ಇಳಿದ ಮೇಲೆ ಬರುವ ನಗುವಿನಲ್ಲಿ ನಿಟ್ಟುಸಿರು, ನಾಚಿಕೆ ಎರಡೂ ಇರುತ್ತವೆ. ನಾಲ್ಕು ಜನರ ಎದುರು ಅಳುವುದಕ್ಕಿಂತ ನಗುವುದು ಸುಲಭ.

ಇಲ್ಲಿ ನಮ್ಮೂರಿನದೇ ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಉಡುಪಿಯ ವಿಟ್ಲಪಿಂಡಿಗೆ, ಮಂಗಳೂರಿನ ದಸರಾಕ್ಕೆ ಹುಲಿವೇಷ ಬಂದಾಗ ಹೆದರಿ ಅಳುವ ಮಗುವನ್ನು ಎತ್ತಿ ಹುಲಿಯ ಮುಖದ ಹತ್ತಿರವೇ ಹಿಡಿದು ಫೋಟೊ ತೆಗೆಯುತ್ತಾರೆ. ಮಗು ಸೆಟೆದುಕೊಂಡರೆ ಎಲ್ಲರಿಗೂ ನಗು. ಅದರ ಬದಲು ಹಬ್ಬದ ಹಿಂದಿನ ದಿನ, ಬಣ್ಣ ಹಚ್ಚುವ ಜಾಗಕ್ಕೆ ಮಗುವನ್ನು ಕರೆದುಕೊಂಡು ಹೋಗಿ. ಪರಿಚಯದ ಅಣ್ಣನೊಬ್ಬ ಕೈಚಾಚಿ ನಿಂತಿರುವುದು, ಮೈಗೆ ಹಳದಿ ಬಳಿಯುವುದು, ಅದರ ಮೇಲೆ ಕಪ್ಪು ಪಟ್ಟೆ ಎಳೆಯುವುದು, ಕೊನೆಗೆ ಮುಖವಾಡ ಕಟ್ಟುವುದು, ಎಲ್ಲವನ್ನೂ ದೂರದಿಂದ ನೋಡಲಿ. ಮರುದಿನ ತಾಸೆಯ ಸದ್ದು ಕೇಳಿದಾಗ ಹತ್ತಿರ ಹೋಗಬೇಕೋ ಬೇಡವೋ ಎಂದು ಅದೇ ಹೇಳುತ್ತದೆ.

ತಮಾಷೆಯಿಂದ ಆಗುವ ದೊಡ್ಡ ಅಪಾಯ ಹೆದರಿಕೆಯಿಂದ ಎದೆ ಒಡೆಯುವುದಲ್ಲ, ಓಡುವಾಗ ಬೀಳುವುದು. ಬಾವಿಕಟ್ಟೆ, ಪಾಚಿ ಹಿಡಿದ ಮೆಟ್ಟಿಲು, ಕುದಿಯುವ ಎಣ್ಣೆಯ ಬಾಣಲೆ, ಚಲಿಸುವ ಸ್ಕೂಟರ್, ಇವುಗಳ ಹತ್ತಿರ ಒಂದು ಕ್ಷಣ ಬೆಚ್ಚಿದರೂ ಮೂಳೆ ಮುರಿಯಬಹುದು, ಜೀವವೂ ಹೋಗಬಹುದು. ಹೃದ್ರೋಗ ಇರುವವರಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು. ತೀವ್ರ ಆಘಾತದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವ ಟಾಕೊಟ್ಸುಬೊ ಎಂಬ ಸ್ಥಿತಿ ಅಪರೂಪ, ಆದರೆ ಇದೆ. ಹೆಚ್ಚಾಗಿ ಮುಟ್ಟು ನಿಂತ ಮಹಿಳೆಯರಲ್ಲಿ ಕಾಣಿಸುತ್ತದೆ.

ರಕ್ತ, ಸೂಜಿಯ ಫೋಬಿಯಾ ಇರುವವರದು ಬೇರೆಯೇ ದಾರಿ. ಅವರಲ್ಲಿ ಹೃದಯಬಡಿತವೂ ರಕ್ತದೊತ್ತಡವೂ ಮೊದಲು ಏರಿ, ಆಮೇಲೆ ದಿಢೀರನೆ ಕುಸಿಯುತ್ತವೆ. ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಕೆಂಪು ಬಣ್ಣ ಬಳಿದುಕೊಂಡು ‘ಕೈ ಕೊಯ್ದುಹೋಯಿತು’ ಎನ್ನುವ ತಮಾಷೆ ಇವರ ತಲೆ ಒಡೆಯಬಹುದು. ಇವರಿಗೆ ಹೇಳಿಕೊಡುವ ಉಪಾಯ ಮೈ ಸಡಿಲಿಸುವುದಲ್ಲ, ಬಿಗಿಯುವುದು. ಕುಳಿತು ತೋಳು, ಹೊಟ್ಟೆ, ಕಾಲುಗಳ ಸ್ನಾಯುಗಳನ್ನು ಮುಖಕ್ಕೆ ಬಿಸಿ ಏರುವವರೆಗೆ, ಅಂದರೆ 10ರಿಂದ 15 ಸೆಕೆಂಡು ಬಿಗಿಹಿಡಿಯಬೇಕು. 20ರಿಂದ 30 ಸೆಕೆಂಡು ಬಿಟ್ಟು ಮತ್ತೆ ಬಿಗಿಯಬೇಕು, ಹೀಗೆ ಐದು ಸಲ. ಸೂಜಿ ಹಾಕುವ ಕೈಯನ್ನು ಮಾತ್ರ ಸಡಿಲ ಬಿಡಬೇಕು.

ಕಾನೂನಿನ ಮಾತು ಚುಟುಕಾಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಪ್ರಕಾರ, ದುಡುಕು ಅಥವಾ ನಿರ್ಲಕ್ಷ್ಯದಿಂದ ಇನ್ನೊಬ್ಬರ ಸುರಕ್ಷತೆಗೆ ಕುತ್ತು ತಂದು ಗಾಯವಾದರೆ 6 ತಿಂಗಳವರೆಗೆ ಸಜೆ ಇದೆ. ಮೂಳೆ ಮುರಿತದಂಥ ತೀವ್ರ ಗಾಯವಾದರೆ 3 ವರ್ಷದವರೆಗೆ. ಕಾಲೇಜು, ಹಾಸ್ಟೆಲುಗಳಲ್ಲಿ ಇಂಥದ್ದು ನಡೆದರೆ ಅದು ರ್‍ಯಾಗಿಂಗ್ ಆಗಬಹುದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ವ್ಯಾಖ್ಯೆಯಲ್ಲಿ ‘ತಮಾಷೆಗಾಗಿ’ ಮಾಡಿದ್ದೂ ಸೇರಿದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಇದೇ ಆಟವನ್ನು ನಿಮ್ಮ ಗೆಳೆಯರು ಬೇರೆ ಕಡೆ ಆಡುವ ಮೊದಲು ಅವರಿಗೂ ತಿಳಿದಿರಲಿ.

ಇನ್ನು ನೀವು ಮಾಡಬೇಕಾದದ್ದು. ಮೊದಲನೆಯದು ವಿಡಿಯೊ. ಗ್ರೂಪಿನಲ್ಲಿ ನೀವೇ ಬರೆಯಿರಿ: ‘ಇದನ್ನು ಹಾಕಿದ್ದು ನನ್ನ ತಪ್ಪು, ದಯವಿಟ್ಟು ಎಲ್ಲರೂ ಅಳಿಸಿ, ಯಾರಿಗೂ ಕಳಿಸಬೇಡಿ.’ ಗೆಳೆಯರ ಮೊಬೈಲ್‌ಗಳಲ್ಲಿ ಇರುವುದನ್ನು ಎದುರಿಗೇ ಕೂತು ಅಳಿಸಿಸಿ. ಡಿಲೀಟ್ ಮಾಡಿದ ಮೇಲೆ ಗ್ಯಾಲರಿಯ ಕಸದ ಬುಟ್ಟಿಯಲ್ಲೂ, ಆಟೊಮ್ಯಾಟಿಕ್ ಬ್ಯಾಕಪ್‌ನಲ್ಲೂ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಸಿ. ಗಾಯ ಮಾಗಿದರೂ ವಿಡಿಯೊ ತಿರುಗುತ್ತಿದ್ದರೆ ಅವಳು ದಿನವೂ ಬಿದ್ದಂತೆಯೇ.

ಎರಡನೆಯದು ಕ್ಷಮೆ. ಫೋನ್ ಎತ್ತದಿದ್ದರೆ ಬರೆದು ಕಳಿಸಿ. ಚಿಕ್ಕದಾಗಿರಲಿ, ‘ಆದರೆ’ ಬೇಡ. ಉದಾಹರಣೆಗೆ: ‘ಬಾಲ್ದಿಗೆ ಕಪ್ಪೆ ಹಾಕಿದ್ದು ನಾನು. ನಿನಗೆ ಎಷ್ಟು ಹೆದರಿಕೆ ಎಂದು ಗೊತ್ತಿದ್ದೂ ಹಾಕಿದೆ. ನೀನು ಬಿದ್ದಾಗಲೂ ಮೊಬೈಲ್ ಕೆಳಗಿಡಲಿಲ್ಲ. ವಿಡಿಯೊ ಎಲ್ಲ ಕಡೆಯಿಂದ ತೆಗೆಸಿದ್ದೇನೆ. ಇನ್ನು ಈ ವಿಷಯದಲ್ಲಿ ನಾನೂ ಕುಶಾಲು ಮಾಡುವುದಿಲ್ಲ, ಮಾಡುವವರನ್ನೂ ಬಿಡುವುದಿಲ್ಲ. ಈಗಲೇ ಉತ್ತರ ಕೊಡಬೇಕೆಂದಿಲ್ಲ.’ ಕ್ಷಮಿಸು ಎಂದು ಅಮ್ಮನ ಮೂಲಕ ಒತ್ತಡ ಹಾಕಿಸಬೇಡಿ. ಅವಳು ಸಿಟ್ಟಿನಲ್ಲಿ ಮಾತಾಡಿದರೆ ಕೇಳಿಸಿಕೊಳ್ಳಿ.

ಮೂರನೆಯದು ಮನೆ. ಬಚ್ಚಲಿನ ನೀರು ಹೊರಹೋಗುವ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಿಗಿಯಿರಿ. ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಬಾಲ್ದಿ, ಚೆಂಬುಗಳನ್ನು ರಾತ್ರಿ ಕವುಚಿಡಿ. ಬೆಳ್ಳಗಿನ ದೀಪಕ್ಕೆ ಹುಳ ಮುತ್ತುತ್ತವೆ, ಹುಳಕ್ಕೆ ಕಪ್ಪೆ ಬರುತ್ತವೆ. ಬಚ್ಚಲ ಹೊರಗೆ ಹಳದಿ ಬಲ್ಬ್ ಹಾಕಿದರೆ ಎರಡೂ ಕಡಿಮೆ. ಮೆಟ್ಟಿಲ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆಯಿರಿ. ಇವೆಲ್ಲ ಒಮ್ಮೆ ಮಾಡಿ ಮುಗಿಸುವ ಕೆಲಸ. ಆದರೆ ಪ್ರತಿ ಸಲ ಅವಳ ಮುಂದೆ ಟಾರ್ಚ್ ಹಿಡಿದು ಹೋಗಿ ‘ಕಪ್ಪೆ ಇಲ್ಲ, ಬಾ’ ಎನ್ನುವ ಪದ್ಧತಿ ಬೆಳೆಸಬೇಡಿ. ಮನೆಯವರು ಕರುಣೆಯಿಂದ ಮಾಡುವ ಈ ತಪಾಸಣೆ ಭಯಕ್ಕೆ ದಿನವೂ ಊಟ ಹಾಕಿದಂತೆ. ಮೊದಲ ಕೆಲವು ದಿನ ಜೊತೆಗೆ ಹೋಗಿ, ಆಮೇಲೆ ಅವಳೇ ಹೇಳಿದಂತೆ ಕಡಿಮೆ ಮಾಡಿ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಇರುವುದರಿಂದ ಸೋಂಕಾಗಬಹುದು. ಉರಿ, ಜ್ವರ, ಪದೇಪದೇ ಹೋಗಬೇಕೆನಿಸುವುದು ಇದ್ದರೆ ವೈದ್ಯರಿಗೆ ತೋರಿಸಲು ಹೇಳಿ.

ಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಅವಳು. ಬೇಕೆಂದರೆ ದಾರಿಗಳು ಮೂರು.

ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಹಂತಹಂತವಾಗಿ ಎದುರಿಸುವುದು ಮೊದಲನೆಯದು. ಅವಳೇ ಒಂದು ಏಣಿ ಬರೆಯುತ್ತಾಳೆ, ಪ್ರತಿ ಮೆಟ್ಟಿಲಿಗೆ 0ಯಿಂದ 100ರವರೆಗೆ ಭಯದ ಅಂಕ ಕೊಡುತ್ತಾಳೆ. ‘ಕಪ್ಪೆ’ ಎಂದು ಬರೆಯುವುದು 15 ಇರಬಹುದು, ಗೆರೆಚಿತ್ರ ನೋಡುವುದು 25, ಬಣ್ಣದ ಫೋಟೊ 40, ವಟಗುಟ್ಟುವ ಧ್ವನಿ 45, ಹಾರುವ ವಿಡಿಯೊ 55, ಹತ್ತು ಅಡಿ ದೂರದಲ್ಲಿ ರಬ್ಬರ್ ಕಪ್ಪೆ 60, ಕಿಟಕಿ ಗಾಜಿನಾಚೆ ನಿಜವಾದದ್ದು 80. ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕೆ ಇಳಿಯುವವರೆಗೆ ನಿಲ್ಲಬೇಕು, ಸಾಮಾನ್ಯವಾಗಿ 20ರಿಂದ 45 ನಿಮಿಷ. ಅದನ್ನೇ ಹಲವು ದಿನ ಮಾಡಿ ಸಲೀಸಾದ ಮೇಲೆ ಮುಂದಿನದು. ಕೆಡುವುದು ಎಲ್ಲೆಂದರೆ, ಎರಡು ಮೆಟ್ಟಿಲು ಒಟ್ಟಿಗೆ ಹಾರಿದಾಗ, ಕಣ್ಣು ಬೇರೆಡೆ ಇಟ್ಟು ಹಲ್ಲುಕಚ್ಚಿ ಕಾಲ ತಳ್ಳಿದಾಗ, ಭಯ ತುದಿಯಲ್ಲಿದ್ದಾಗಲೇ ನಿಲ್ಲಿಸಿದಾಗ. ಎಲ್ಲಕ್ಕಿಂತ ಹೆಚ್ಚಾಗಿ, ‘ಒಮ್ಮೆ ಮುಟ್ಟಿಬಿಡು’ ಎಂದು ಯಾರಾದರೂ ಕೈ ಹಿಡಿದೆಳೆದಾಗ. ನೆಲಗಪ್ಪೆಯ ಚರ್ಮದ ಗ್ರಂಥಿಗಳಲ್ಲಿ ವಿಷದ ಅಂಶ ಇರುವುದರಿಂದ, ಮುಟ್ಟುವ ಹಂತಕ್ಕೆ ಬಂದರೆ ಕೈ ತೊಳೆಯಬೇಕು, ಕಣ್ಣು ಮುಟ್ಟಿಕೊಳ್ಳಬಾರದು. ನರುಳ್ಳೆಗೂ ಕಪ್ಪೆಗೂ ಸಂಬಂಧವಿಲ್ಲ, ಅದು ವೈರಸ್‌ನಿಂದ ಬರುವುದು.

ಎರಡನೆಯದು, ಇದನ್ನೇ ಒಂದೇ ದಿನ, ಮೂರು ಗಂಟೆಯವರೆಗಿನ ಒಂದೇ ಬೈಠಕ್‌ನಲ್ಲಿ ಮಾಡುವುದು. ಸ್ವೀಡನ್ನಿನ ಲಾರ್ಸ್-ಯೊರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಈ ವಿಧಾನ ಪ್ರಾಣಿಗಳ ಫೋಬಿಯಾಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅನುಭವಿ ಚಿಕಿತ್ಸಕರೇ ಬೇಕು, ಮನೆಯಲ್ಲಿ ಮಾಡುವಂಥದ್ದಲ್ಲ. ಇದರಲ್ಲೂ ಪ್ರತಿ ಹೆಜ್ಜೆಯನ್ನು ಮೊದಲು ಹೇಳಿ, ಒಪ್ಪಿಗೆ ಪಡೆದು ಇಡುತ್ತಾರೆ.

ಮೂರನೆಯದು ಮಾತ್ರೆ. ಆತಂಕ ಇಳಿಸುವ ಮಾತ್ರೆಯಿಂದ ಆ ಗಂಟೆ ಕಳೆಯಬಹುದು, ಫೋಬಿಯಾ ಹೋಗುವುದಿಲ್ಲ. ಬೆಂಜೊಡಯಜೆಪಿನ್ ಗುಂಪಿನವು ಅಭ್ಯಾಸವಾಗಿಬಿಡುತ್ತವೆ, ಎದುರಿಸಿ ಕಲಿಯುವುದಕ್ಕೂ ಅಡ್ಡಬರುತ್ತವೆ. ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದು. ಹೆದರಿಕೆಗೆ ನೂಲು ಕಟ್ಟಿಸಿದರೆ ಅಮ್ಮನಿಗೆ ಸಮಾಧಾನವಾಗುತ್ತದೆಂದರೆ ಕಟ್ಟಿಸಲಿ, ಆದರೆ ಚಿಕಿತ್ಸೆಯನ್ನು ಅದಕ್ಕಾಗಿ ಮುಂದೂಡಬೇಡಿ.

ಇನ್ನೊಂದು ವಿಷಯ ಗಮನಿಸಿ. ಬಿದ್ದ ಘಟನೆ ಕನಸಿನಲ್ಲಿ ಮರುಕಳಿಸುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆ ಕೆಡುವುದು ಒಂದು ತಿಂಗಳು ಮೀರಿಯೂ ಇದ್ದರೆ ಅದು ಫೋಬಿಯಾ ಮಾತ್ರವಲ್ಲ, ಆಘಾತದ ನಂತರದ ತೊಂದರೆ ಇರಬಹುದು. ಆಗ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಮಂಗಳೂರಿನಲ್ಲಿದ್ದಾಳಾದ್ದರಿಂದ ಅಲ್ಲಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಹತ್ತಿರವಾಗುತ್ತದೆ, ಊರಿಗೆ ಬಂದಾಗಲಾದರೆ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಅಥವಾ ಮಣಿಪಾಲದ ಕೆಎಂಸಿ. ಮೊದಲು ಫೋನಿನಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಅವಳಿಗೆ ಕಳಿಸಿ, ಕರೆ ಮಾಡಿದೆಯಾ ಎಂದು ಮತ್ತೆಮತ್ತೆ ಕೇಳಬೇಡಿ.

ಚೌತಿಗೆ ಬಾ ಎಂದು ಒತ್ತಾಯಿಸಬೇಡಿ. ಬಚ್ಚಲಿನ ಕೆಲಸ ಮುಗಿದ ದಿನ ಜಾಲರಿಯದೊಂದು, ಉಜ್ಜಿದ ಮೆಟ್ಟಿಲಿನದೊಂದು ಫೋಟೊ ಅವಳಿಗೊಬ್ಬಳಿಗೇ ಕಳಿಸಿ. ‘ಅಂಗಳದ ಬಾಲ್ದಿಗೆ ಇನ್ನು ಮುಚ್ಚಳ ಇಡುವುದಿಲ್ಲ, ಕವುಚಿಯೇ ಇರುತ್ತದೆ’ ಎಂದು ಕೆಳಗೆ ಬರೆಯಿರಿ. ಹಾಗೆಯೇ ಇಡಿ ಕೂಡ. ಈ ಹಬ್ಬಕ್ಕೆ ಬರದಿದ್ದರೆ ಮುಂದಿನದಕ್ಕೆ ಬರಬಹುದು. ಬಂದು ಮೊದಲ ಸಲ ಆ ಬಾಲ್ದಿಯ ಹತ್ತಿರ ಹೋಗುವಾಗ, ಅವಳು ಕರೆದರೆ ಮಾತ್ರ ಜೊತೆಗೆ ಹೋಗಿ.